ಜೀರ್ಣ ಧ್ವನಿಯಂತ್ರದ ಉದ್ಧಾರ: ಮಿತವ್ಯಯದ ಮಾರ್ಗ

ಪೀಠಿಕೆ

‘ಜೀರ್ಣ’ ಎಂಬ ಶಬ್ದದ ಮೂಲಧಾತುವಿಗೆ ವಯೋಹಾನಿಯೆಂದು ಅರ್ಥ. ಕಾಲವಶದಿಂದ ಸವೆದುದೂ ಜೀರ್ಣವೇ, ಉಂಡು ಅರಗಿದುದೂ ಜೀರ್ಣವೇ. ಈ ಶಬ್ದದೊಡನೆ ‘ಉದ್ಧಾರ’ವೆಂಬುದನ್ನು ಕೂಡಿಸಿ ಹಿರಿಯರು ‘ಜೀರ್ಣೋದ್ಧಾರ’ವೆಂಬ ಸಮಾಸವನ್ನು ಬಳಕೆಗೆ ತಂದರು. ಸಡಿಲಿದುದನ್ನು ಬಿಗಿಯುವುದು, ಒಡೆದುದನ್ನು ಬದಲಿಸುವುದು, ಗಟ್ಟಿಯಾದುದನ್ನು ಅದರ ಸ್ಥಾನದಲ್ಲಿಯೇ ಉಳಿಸುವುದು, ಇವು ಮೂರೂ ಕೂಡಿದರೆ ಜೀರ್ಣೋದ್ಧಾರವೆನಿಸುತ್ತದೆ. ಗುಡಿ, ಕೆರೆ, ಮಂಟಪಗಳಿಗೆ ಸಲ್ಲುವ ಈ ನ್ಯಾಯವು ಮನೆಯ ಮೂಲೆಯಲ್ಲಿ ಧೂಳು ಹಿಡಿದು ಮೌನವಾಗಿರುವ ಹಳೆಯ ಸ್ಟೀರಿಯೊ ಯಂತ್ರಕ್ಕೂ ಅಷ್ಟೇ ಮಟ್ಟಿಗೆ ಸಲ್ಲುತ್ತದೆ.

1970 ಮತ್ತು 1980ರ ದಶಕಗಳಲ್ಲಿ ಕನ್ನಡ ನಾಡಿನ ಅನೇಕ ಕುಟುಂಬಗಳು ಬಹುಕಾಲ ಕೂಡಿಟ್ಟ ಹಣದಿಂದಲೋ ಕಂತಿನ ಮೇಲೋ ಇಂತಹ ಯಂತ್ರಗಳನ್ನು ಕೊಂಡುವು. ಧ್ವನಿಮುದ್ರಿಕೆಯನ್ನು ತಿರುಗಿಸುವ ರೆಕಾರ್ಡ್ ಪ್ಲೇಯರ್, ಕ್ಯಾಸೆಟ್ ಯಂತ್ರ, ಆಂಪ್ಲಿಫೈಯರ್, ಮರದ ಪೆಟ್ಟಿಗೆಯ ಎರಡು ಸ್ಪೀಕರುಗಳು, ಇಷ್ಟು ಆ ಸಂಸಾರದ ಸಂಗೀತಸಂಪತ್ತಾಗಿತ್ತು. ಇಂದು ಅವುಗಳ ಗತಿಯೇನು? ಒಂದು ಬದಿಯ ಸ್ಪೀಕರು ಮೂಕವಾಯಿತು, ಕ್ಯಾಸೆಟ್ಟು ತೊದಲಿತು, ಗುಂಡಿ ತಿರುಗಿಸಿದರೆ ಕರಕರ ಸದ್ದಾಯಿತು ಎಂಬ ಕಾರಣಗಳಿಂದ ಯಂತ್ರವೆಲ್ಲವೂ ಗುಜರಿಯವನ ತಕ್ಕಡಿಯನ್ನು ಏರುತ್ತಿದೆ. ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಂಡಂತಹ ಕಾರ್ಯವಿದು. ಗುಜರಿಯಿಂದ ಬರುವ ಹಣ ಅತ್ಯಲ್ಪ. ಆದರೆ ಯಂತ್ರ ಹೋದ ಮೇಲೆ ಕಪಾಟಿನಲ್ಲಿ ಉಳಿಯುವ ಮುದ್ರಿಕೆಗಳೂ ಕ್ಯಾಸೆಟ್ಟುಗಳೂ ಮೂಕವಾಗುತ್ತವೆ. ಅವುಗಳಲ್ಲಿ ಪೇಟೆಯಲ್ಲಿ ಮತ್ತೆ ದೊರೆಯುವ ಹಾಡುಗಳಿರಬಹುದು. ಆದರೆ ಗತಿಸಿದ ಅಜ್ಜಿಯ ಸೋಬಾನೆಯನ್ನೋ, ಊರ ಹಿರಿಯರ ಉಪನ್ಯಾಸವನ್ನೋ, ಶಾಲೆಯ ವಾರ್ಷಿಕೋತ್ಸವದ ನಾಟಕವನ್ನೋ ಮನೆಯವರು ಮುದ್ರಿಸಿಕೊಂಡಿದ್ದರೆ ಅದು ಲೋಕದಲ್ಲಿ ಒಂದೇ ಪ್ರತಿ.

ಹಳೆಯ ಯಂತ್ರದಲ್ಲಿ ಕೆಡುವ ಅಂಗಗಳು ಕೆಲವು, ಕೆಡದ ಅಂಗಗಳು ಹಲವು. ಕೆಡುವ ಅಂಗಗಳು ಬಹುಮಟ್ಟಿಗೆ ಕಡಿಮೆ ಬೆಲೆಯವು. ಕೆಡದವು ಹೆಚ್ಚಿನ ಬೆಲೆಯವು. ಈ ಭೇದವನ್ನು ಅರಿತವನಿಗೆ ದುರಸ್ತಿಯು ದುಬಾರಿಯಲ್ಲ. ಇದನ್ನು ವಿವರಿಸುವುದೇ ಈ ಪಾಠದ ಉದ್ದೇಶ.

ಹೆಸರು ಮತ್ತು ರಚನೆ

‘ಸ್ಟೀರಿಯೊ’ ಎಂಬುದು ಗ್ರೀಕ್ ಮೂಲದ ಪದ; ‘ಘನವಾದುದು’ ಎಂದು ಅದರ ಅರ್ಥ. ಚಿತ್ರಕ್ಕೆ ಉದ್ದಗಲಗಳೆರಡೇ, ಘನವಸ್ತುವಿಗೆ ಆಳವೂ ಉಂಟು. ಒಂದೇ ಸ್ಪೀಕರಿನಿಂದ ಬರುವ ಧ್ವನಿಯು ಒಂದು ಬಿಂದುವಿನಿಂದ ಹೊರಟಂತೆ ತೋರಿದರೆ, ಎಡಬಲಗಳ ಎರಡು ಸ್ಪೀಕರುಗಳಿಂದ ಬರುವ ಧ್ವನಿಯು ಗಾಯಕನನ್ನು ನಡುವೆಯೂ ವಾದ್ಯಗಳನ್ನು ಇಕ್ಕೆಲಗಳಲ್ಲಿಯೂ ನಿಲ್ಲಿಸುತ್ತದೆ. ಇಂಗ್ಲೆಂಡಿನ ಅಭಿಯಂತರ ಅಲನ್ ಬ್ಲೂಮ್‌ಲೈನ್ ಈ ವಿಧಾನಕ್ಕೆ ಹಕ್ಕುಪತ್ರವನ್ನು ಕೋರಿದುದು 1931ರಲ್ಲಿ. ಮುದ್ರಿಕೆಯ ಸುರುಳಿಗೀರಿನ ಎರಡು ಗೋಡೆಗಳಲ್ಲಿ ಎಡಬಲಗಳ ಧ್ವನಿಯನ್ನು ಬೇರೆ ಬೇರೆಯಾಗಿ ಕೊರೆಯುವ ಉಪಾಯವೂ ಅದರಲ್ಲಿ ಅಡಕವಾಗಿತ್ತು. ನಿಮಿಷಕ್ಕೆ 33⅓ ಸುತ್ತಿನ ದೀರ್ಘಮುದ್ರಿಕೆಯು 1948ರಲ್ಲಿ ಬಂದಿತು. ಸ್ಟೀರಿಯೊ ಮುದ್ರಿಕೆಗಳು ಮಾರುಕಟ್ಟೆಗೆ ಬಂದುದು 1957–58ರಲ್ಲಿ. ಫಿಲಿಪ್ಸ್ ಸಂಸ್ಥೆಯು 1963ರಲ್ಲಿ ಕ್ಯಾಸೆಟ್ಟನ್ನು ಹೊರತಂದಿತು.

ಇಂತಹ ಯಂತ್ರವನ್ನು ನೀರಾವರಿಗೆ ಹೋಲಿಸಬಹುದು. ಮುದ್ರಿಕೆಯನ್ನೋ ಕ್ಯಾಸೆಟ್ಟನ್ನೋ ಓದುವ ಭಾಗವು ಕೆರೆಯ ತೂಬಿನಂತೆ, ಆಂಪ್ಲಿಫೈಯರು ಕಾಲುವೆಯಂತೆ, ಸ್ಪೀಕರು ಗದ್ದೆಯಂತೆ. ತೂಬಿನಲ್ಲಿಯೇ ನೀರು ಸೋರಿಹೋದರೆ ಕಾಲುವೆಯನ್ನು ಎಷ್ಟು ಅಗಲಗೊಳಿಸಿದರೂ ಪ್ರಯೋಜನವಿಲ್ಲ. ಸವೆದ ಸೂಜಿಯು ಓದದೆ ಬಿಟ್ಟ ಸ್ವರವನ್ನು ಎಂತಹ ಆಂಪ್ಲಿಫೈಯರೂ ಮರಳಿ ತಾರದು.

ಕೆಡುವುದಾವುದು, ಉಳಿಯುವುದಾವುದು

ಯಂತ್ರದ ಅಂಗಗಳನ್ನು ಎರಡು ವರ್ಗಗಳಾಗಿ ವಿಂಗಡಿಸಬಹುದು. ಟ್ರಾನ್ಸ್‌ಫಾರ್ಮರು, ಲೋಹದ ಚೌಕಟ್ಟು, ಶಾಖವನ್ನು ಹೊರಹಾಕುವ ಅಲ್ಯೂಮಿನಿಯಂ ರೆಕ್ಕೆಗಳು, ಸ್ಪೀಕರಿನ ಅಯಸ್ಕಾಂತ, ಮರದ ಪೆಟ್ಟಿಗೆ, ಮುದ್ರಿಕೆಯನ್ನು ಹೊರುವ ಭಾರವಾದ ತಟ್ಟೆ, ಇವು ಒದ್ದೆಯಾಗದೆ, ಅತಿಯಾಗಿ ಕಾಯದೆ ಇದ್ದರೆ ನಾಲ್ಕೈದು ದಶಕಗಳ ನಂತರವೂ ಗಟ್ಟಿಯಾಗಿರುತ್ತವೆ. ಯಂತ್ರದ ತೂಕವೂ ಬೆಲೆಯೂ ಬಹುಪಾಲು ಇವುಗಳಲ್ಲಿಯೇ ಇವೆ.

ಕೆಡುವ ವರ್ಗಕ್ಕೆ ಸೇರಿದವು ರಬ್ಬರು, ಫೋಮು, ಗ್ರೀಸು, ಸೂಜಿ ಮತ್ತು ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳು. ರಬ್ಬರಿನ ಬೆಲ್ಟು ಹಿಗ್ಗುತ್ತದೆ, ಇಲ್ಲವೆ ಕರಗಿ ಕಪ್ಪು ಅಂಟಾಗುತ್ತದೆ. ಗ್ರೀಸು ಒಣಗಿ ಅರಗಿನಂತೆ ಗಟ್ಟಿಯಾಗುತ್ತದೆ. ಸ್ಪೀಕರಿನ ಕಾಗದದ ಶಂಕುವನ್ನು ಚೌಕಟ್ಟಿಗೆ ಸೇರಿಸುವ ಫೋಮಿನ ಅಂಚು ಗಾಳಿ ತೇವಗಳಿಗೆ ಸಿಕ್ಕು ಹುಡಿಯಾಗುತ್ತದೆ. ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನೊಳಗಿನ ದ್ರವವು ಶಾಖದಿಂದ ಕ್ರಮೇಣ ಆರುತ್ತದೆ. ಅದರ ಉಷ್ಣತೆಯು 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆಂಬುದು ತಂತ್ರಜ್ಞರ ಸ್ಥೂಲಸೂತ್ರ. ನಡೆಯುತ್ತಿರುವ ಆಂಪ್ಲಿಫೈಯರಿನ ಮೇಲೆ ಕಸೂತಿಯ ಬಟ್ಟೆ ಹೊದಿಸಿ ಅಲಂಕರಿಸಿದ ಮನೆಗಳಲ್ಲಿ ಈ ಅಂಗವೇ ಮೊದಲು ಸೋಲುತ್ತದೆ.

ನಿದಾನ

ವೈದ್ಯನು ಮೊದಲು ನಾಡಿಯನ್ನು ನೋಡುತ್ತಾನೆ, ಆಮೇಲೆ ಮದ್ದನ್ನು ಹೇಳುತ್ತಾನೆ. ಧ್ವನಿಯಂತ್ರದ ನಿದಾನಕ್ಕೆ ಹಣ ಬೇಕಾಗಿಲ್ಲ, ತಾಳ್ಮೆ ಬೇಕು. ಸ್ಟೀರಿಯೊದಲ್ಲಿ ಎಡಬಲಗಳೆಂಬ ಎರಡು ಸಮಾನ ಮಾರ್ಗಗಳಿರುವುದರಿಂದ ಒಂದನ್ನು ಇನ್ನೊಂದರ ಸಾಕ್ಷಿಯಾಗಿ ಬಳಸಬಹುದು.

ಎಡಗಡೆಯ ಸ್ಪೀಕರು ಮೂಕವಾಗಿದೆಯೆಂದು ಇಟ್ಟುಕೊಳ್ಳೋಣ. ವಿದ್ಯುತ್ತನ್ನು ನಿಲ್ಲಿಸಿ, ಆಂಪ್ಲಿಫೈಯರಿನ ಹಿಂಬದಿಯಲ್ಲಿ ಎರಡು ಸ್ಪೀಕರುಗಳ ತಂತಿಗಳನ್ನು ಅದಲು ಬದಲು ಮಾಡಬೇಕು. ಮತ್ತೆ ನಡೆಸಿದಾಗ ಎಡಗಡೆಯದೇ ಮೂಕವಾಗಿದ್ದರೆ ದೋಷವು ಆ ಸ್ಪೀಕರಿನಲ್ಲಿ ಅಥವಾ ಅದರ ತಂತಿಯಲ್ಲಿದೆ. ಎಡಗಡೆಯದು ನುಡಿದು ಬಲಗಡೆಯದು ಮೂಕವಾದರೆ ಸ್ಪೀಕರು ನಿರ್ದೋಷಿ. ದೋಷವು ಅದಕ್ಕೆ ಹಿಂದೆ ಇದೆ. ಆಗ ಸ್ಪೀಕರಿನ ತಂತಿಗಳನ್ನು ಮೊದಲಿನಂತೆ ಜೋಡಿಸಿ, ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಬರುವ ತಂತಿಗಳನ್ನು ಅದಲು ಬದಲು ಮಾಡಬೇಕು. ಮೌನವು ಬಲಕ್ಕೆ ಸರಿದರೆ ದೋಷವು ಪ್ಲೇಯರಿನದು ಅಥವಾ ಅದರ ತಂತಿಯದು. ಎಡದಲ್ಲಿಯೇ ಉಳಿದರೆ ಆಂಪ್ಲಿಫೈಯರಿನದು. ಇಷ್ಟನ್ನು ಅರಿತು ರಿಪೇರಿ ಅಂಗಡಿಗೆ ಹೋದವನು ಕೆಟ್ಟ ಒಂದು ಅಂಗವನ್ನು ಮಾತ್ರ ಹೊತ್ತೊಯ್ಯುತ್ತಾನೆ, ಅದರ ದುರಸ್ತಿಗೆ ಮಾತ್ರ ಹಣ ತೆರುತ್ತಾನೆ.

ಇನ್ನು ಕೆಲವು ಲಕ್ಷಣಗಳು. ಧ್ವನಿಯ ಗುಂಡಿಯನ್ನು ಪೂರ್ತಿ ಇಳಿಸಿದರೂ ಒಂದೇ ಸಮನೆ ಗುಂಯೆನ್ನುವ ತಗ್ಗಿನ ನಾದವು ಕೇಳುತ್ತಿದ್ದರೆ ವಿದ್ಯುತ್ತನ್ನು ಸೋಸುವ ದೊಡ್ಡ ಕೆಪಾಸಿಟರುಗಳು ಬಳಲಿವೆಯೆಂದು ಶಂಕಿಸಬೇಕು. ಗುಂಡಿಯನ್ನು ಏರಿಸಿದಂತೆ ಆ ನಾದವೂ ಏರಿದರೆ ದೋಷವು ಬಹುಶಃ ಒಳಬರುವ ತಂತಿಯಲ್ಲಿದೆ ಅಥವಾ ಅದರ ಭೂಸಂಪರ್ಕದಲ್ಲಿದೆ. ಗುಂಡಿ ತಿರುಗಿಸುವಾಗ ಮಾತ್ರ ಕರಕರವೆಂದರೆ ಗುಂಡಿಯೊಳಗಿನ ಇಂಗಾಲದ ಪಟ್ಟಿಗೆ ಧೂಳು ಹಿಡಿದಿದೆ. ಹಾಡಿನ ಶ್ರುತಿಯು ಅಲೆದಾಡಿದರೆ ಬೆಲ್ಟು ಸಡಿಲಾಗಿದೆ. ಕ್ಯಾಸೆಟ್ಟಿನ ಧ್ವನಿಯು ಕಂಬಳಿಯೊಳಗಿನಿಂದ ಬಂದಂತಿದ್ದರೆ ಓದುವ ಹೆಡ್ಡಿಗೆ ಕೊಳೆ ಅಂಟಿದೆ. ತಬಲಾದ ಬಾಯಾಂ ನುಡಿದಾಗ ಮಾತ್ರ ಬುರ್ರೆಂಬ ಸದ್ದು ಬಂದರೆ ಸ್ಪೀಕರಿನ ಅಂಚು ಹರಿದಿದೆ.

ಎಚ್ಚರಿಕೆ

ಚಿಕಿತ್ಸೆಗೆ ಮೊದಲು ಪ್ರಾಣರಕ್ಷಣೆಯ ಮಾತು. ಪ್ಲಗ್ಗನ್ನು ಕಿತ್ತ ಮಾತ್ರಕ್ಕೆ ಆಂಪ್ಲಿಫೈಯರು ನಿರಪಾಯಕಾರಿಯಾಗುವುದಿಲ್ಲ. ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ತು ಕೆಲಹೊತ್ತು ಉಳಿದಿರುತ್ತದೆ. ಹಳೆಯ ವಾಲ್ವ್ ಯಂತ್ರಗಳಲ್ಲಿ ಅದು ನೂರಾರು ವೋಲ್ಟುಗಳಷ್ಟಿದ್ದು ಮಾರಕವಾಗಬಲ್ಲುದು. ಅನುಭವವಿಲ್ಲದವರು ಒಳಭಾಗವನ್ನು ಮುಟ್ಟದೆ ತಜ್ಞರ ಕೈಗೆ ಒಪ್ಪಿಸುವುದೇ ಲೇಸು. ಫ್ಯೂಸು ಹೋದರೆ ಅಷ್ಟೇ ಆಂಪಿಯರಿನ ಫ್ಯೂಸನ್ನೇ ಹಾಕತಕ್ಕದ್ದು. ದಪ್ಪ ತಂತಿಯನ್ನು ಸುತ್ತುವುದು ಮನೆಗೆ ಬೆಂಕಿಯನ್ನು ಆಹ್ವಾನಿಸಿದಂತೆ.

ಬಂಧುಗಳು ಪರದೇಶದಿಂದ ತಂದುಕೊಟ್ಟ ಯಂತ್ರವಾದರೆ ಹಿಂಬದಿಯ ಬರಹವನ್ನು ಓದಲೇಬೇಕು. ಜಪಾನಿನ ಮನೆಗಳ ವಿದ್ಯುತ್ತು 100 ವೋಲ್ಟು, ಅಮೆರಿಕದ್ದು 120, ಭಾರತದ್ದು 230. ಅಲ್ಲಿಯ ಯಂತ್ರವನ್ನು ಇಲ್ಲಿ ನೇರವಾಗಿ ಜೋಡಿಸಿದರೆ ಕೆಡದ ವರ್ಗಕ್ಕೆ ಸೇರಿದ ಟ್ರಾನ್ಸ್‌ಫಾರ್ಮರೇ ಸುಟ್ಟುಹೋದೀತು. ವರ್ಷಗಟ್ಟಲೆ ಮುಚ್ಚಿಟ್ಟಿದ್ದ ಯಂತ್ರವನ್ನು ಮೊದಲ ಬಾರಿ ನಡೆಸುವಾಗ ರಿಪೇರಿಯವರು 60 ಅಥವಾ 100 ವ್ಯಾಟಿನ ಹಳೆಯ ಬಗೆಯ ತಂತುವಿನ ಬಲ್ಬನ್ನು ವಿದ್ಯುತ್ತಿನ ದಾರಿಯಲ್ಲಿ ಸರಣಿಯಾಗಿ ಜೋಡಿಸುತ್ತಾರೆ. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಪೂರ್ಣವಾಗಿ ಬೆಳಗಿ ಯಂತ್ರವು ಸುಡದೆ ಉಳಿಯುತ್ತದೆ. ಸರಿಯಾಗಿದ್ದರೆ ಒಮ್ಮೆ ಮಿನುಗಿ ಮಂದವಾಗುತ್ತದೆ.

ಚಿಕಿತ್ಸೆ

ಮೊದಲನೆಯದು ಶುದ್ಧೀಕರಣ. ಮೃದುವಾದ ಕುಂಚದಿಂದ ಧೂಳು ತೆಗೆಯುವುದು, ಗುಂಡಿ ಸ್ವಿಚ್ಚುಗಳೊಳಗೆ ಎಲೆಕ್ಟ್ರಾನಿಕ್ ಸಂಪರ್ಕಗಳಿಗೆಂದೇ ಮಾರುವ ಸ್ಪ್ರೇಯನ್ನು ಸ್ವಲ್ಪವೇ ಬಿಟ್ಟು ಇಪ್ಪತ್ತು ಮೂವತ್ತು ಬಾರಿ ತಿರುಗಿಸುವುದು, ಮಂಕಾದ ಪಿನ್ನುಗಳನ್ನು ಉಜ್ಜಿ ಹೊಳಪಿಸುವುದು, ಇಷ್ಟರಿಂದಲೇ ಎಷ್ಟೋ ಯಂತ್ರಗಳು ಬಾಯಿ ಬಿಡುತ್ತವೆ. ಕೊಬ್ಬರಿ ಎಣ್ಣೆಯನ್ನೋ ಹೊಲಿಗೆ ಯಂತ್ರದ ಎಣ್ಣೆಯನ್ನೋ ಗುಂಡಿಗಳೊಳಗೆ ಬಿಡಬಾರದು. ಅವು ಧೂಳನ್ನು ಹಿಡಿದು ಕೆಲವೇ ತಿಂಗಳಲ್ಲಿ ರೋಗವನ್ನು ಇಮ್ಮಡಿಸುತ್ತವೆ.

ಎರಡನೆಯದು ಆಂಪ್ಲಿಫೈಯರು. ತವರ ಸೀಸಗಳ ಬೆಸುಗೆಯು ಬಿಸಿ ತಂಪುಗಳ ಆವರ್ತನೆಯಿಂದ ಬಿರುಕು ಬಿಡುತ್ತದೆ. ಪೆಟ್ಟಿಗೆಯ ಮೇಲೆ ತಟ್ಟಿದಾಗ ಹಾಡು ಬಂದು ಹೋಗುವ ಯಂತ್ರಕ್ಕೆ ಅನೇಕ ವೇಳೆ ಬೇಕಾಗಿರುವುದು ಮರುಬೆಸುಗೆ ಮಾತ್ರ. ಕೆಪಾಸಿಟರನ್ನು ಬದಲಿಸುವಾಗ ಮೂರು ನಿಯಮಗಳು: ಮೈಕ್ರೊಫ್ಯಾರಡ್ ಮೊದಲಿನಷ್ಟೇ ಇರಲಿ, ವೋಲ್ಟು ಮೊದಲಿನಷ್ಟು ಅಥವಾ ಅದಕ್ಕಿಂತ ಹೆಚ್ಚಿರಲಿ, ಧನ ಋಣಗಳು ತಪ್ಪದಿರಲಿ. 85 ಡಿಗ್ರಿಯದಕ್ಕೆ ಬದಲಾಗಿ 105 ಡಿಗ್ರಿ ತಾಳುವುದನ್ನು ಹಾಕಿದರೆ ಬಾಳಿಕೆ ಹೆಚ್ಚುತ್ತದೆ. ಬೆಲೆಯ ಅಂತರ ಅಲ್ಪ. ಇಂತಹ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂದಿಗೂ ದೊರೆಯುತ್ತವೆ. ದುರಸ್ತಿಯ ನಂತರ ಸ್ಪೀಕರನ್ನು ಜೋಡಿಸುವ ಮೊದಲು ಆಂಪ್ಲಿಫೈಯರಿನ ಹೊರದಾರಿಯಲ್ಲಿ ನೇರವಿದ್ಯುತ್ತು ಇದೆಯೇ ಎಂದು ಮೀಟರಿನಿಂದ ಅಳೆಯಬೇಕು. ಅದು 100 ಮಿಲಿವೋಲ್ಟನ್ನು ಮೀರಿದರೆ ಇನ್ನೂ ದೋಷವಿದೆಯೆಂದು ಸಂಶಯಿಸುವುದು ಯುಕ್ತ. ವೋಲ್ಟುಗಟ್ಟಲೆ ಇದ್ದರಂತೂ ಒಳ್ಳೆಯ ಸ್ಪೀಕರೂ ಸುಟ್ಟುಹೋಗುತ್ತದೆ.

ಮೂರನೆಯದು ರೆಕಾರ್ಡ್ ಪ್ಲೇಯರು. ಬೆಲ್ಟನ್ನು ಬದಲಿಸಿ ತಟ್ಟೆಯ ನಡುಗಂಬಕ್ಕೆ ಒಂದೆರಡು ಹನಿ ತೆಳುವಾದ ಎಣ್ಣೆಯನ್ನು ಬಿಡಬೇಕು. ವೇಗವನ್ನು ಪರೀಕ್ಷಿಸಲು ಅಗ್ಗದ ಉಪಾಯವೊಂದಿದೆ. 50 ಆವರ್ತದ ವಿದ್ಯುತ್ತಿನಿಂದ ಉರಿಯುವ ನಿಯಾನ್ ದೀಪವು ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕಾಗದದ ಬಿಲ್ಲೆಯ ಸುತ್ತ ಸಮಾನ ಅಂತರದಲ್ಲಿ 180 ಗೆರೆಗಳನ್ನು ಎಳೆದು ತಟ್ಟೆಯ ಮೇಲಿಟ್ಟು ಆ ಬೆಳಕಿನಲ್ಲಿ ತಿರುಗಿಸಿದರೆ, ವೇಗವು ಸರಿಯಾಗಿ 33⅓ ಇದ್ದಾಗ ಗೆರೆಗಳು ನಿಂತಲ್ಲಿಯೇ ನಿಂತಂತೆ ಕಾಣುತ್ತವೆ. ಗೆರೆಗಳು ಮುಂದೆ ಸರಿದರೆ ವೇಗ ಹೆಚ್ಚು, ಹಿಂದೆ ಸರಿದರೆ ಕಡಿಮೆ.

ಸೂಜಿಯ ವಿಷಯದಲ್ಲಿ ಲೋಭ ಸಲ್ಲದು. ವಜ್ರದ ಸೂಜಿಯ ಬಾಳಿಕೆ ಸುಮಾರು 500ರಿಂದ 1000 ಗಂಟೆ. ಸವೆದ ಸೂಜಿಯು ಕೆಟ್ಟದಾಗಿ ನುಡಿಯುವುದಷ್ಟೇ ಅಲ್ಲದೆ ಮುದ್ರಿಕೆಯ ಗೀರನ್ನೇ ಉಳಿಯಂತೆ ಕೆತ್ತಿಬಿಡುತ್ತದೆ. ಆ ಹಾನಿಗೆ ಪರಿಹಾರವಿಲ್ಲ. ಮಲ್ಲಿಕಾರ್ಜುನ ಮನ್ಸೂರರೂ (1910–1992) ಗಂಗೂಬಾಯಿ ಹಾನಗಲ್ಲರೂ (1913–2009) 1930ರ ದಶಕದಲ್ಲಿಯೇ 78 ಸುತ್ತಿನ ಅರಗಿನ ಮುದ್ರಿಕೆಗಳಿಗೆ ಹಾಡಿದವರು. ಅಂತಹ ಮುದ್ರಿಕೆಯನ್ನು ಉಳಿಸಿಕೊಂಡ ಮನೆಯವರು ಗಮನಿಸಬೇಕಾದುದೇನೆಂದರೆ, 78ರ ಗೀರು ದೀರ್ಘಮುದ್ರಿಕೆಯ ಗೀರಿಗಿಂತ ಬಹಳ ಅಗಲ. ದೀರ್ಘಮುದ್ರಿಕೆಯ ಸಣ್ಣ ಸೂಜಿಯು ಅದರ ತಳದಲ್ಲಿ ಕೊಳೆಯನ್ನು ಕೆದಕುತ್ತ ಓಡುತ್ತದೆ. ಆದುದರಿಂದ 78ಕ್ಕೆ ಬೇರೆ ಸೂಜಿಯೇ ಬೇಕು. ಅವು ಏಕಧ್ವನಿಯ ಮುದ್ರಿಕೆಗಳಾದುದರಿಂದ ಆಂಪ್ಲಿಫೈಯರಿನ ‘ಮೋನೊ’ ಗುಂಡಿಯನ್ನು ಒತ್ತಿ ಕೇಳಬೇಕು. ಸೂಜಿಯ ಮೇಲುಕೆಳಗಿನ ಓಲಾಟದಿಂದ ಹುಟ್ಟುವ ಸರಸರ ಸದ್ದು ಎಡಬಲಗಳಲ್ಲಿ ಪರಸ್ಪರ ರದ್ದಾಗಿ ಗಾಯಕರ ಕಂಠ ತಿಳಿಯಾಗುತ್ತದೆ. ಇದಕ್ಕೆ ಖರ್ಚು ಶೂನ್ಯ.

ನಾಲ್ಕನೆಯದು ಕ್ಯಾಸೆಟ್ ಯಂತ್ರ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ಡನ್ನೂ ಟೇಪು ಸಾಗುವ ಲೋಹದ ಕಡ್ಡಿಯನ್ನೂ ಒರೆಸಬೇಕು. ರಬ್ಬರಿನ ರೋಲರಿಗೆ ಒದ್ದೆ ಬಟ್ಟೆಯೇ ಮೇಲು. ಕರಗಿದ ಹಳೆಯ ಬೆಲ್ಟಿನ ಅಂಟನ್ನು ಪೂರ್ತಿ ತೆಗೆಯದೆ ಹೊಸ ಬೆಲ್ಟನ್ನು ಹಾಕಬಾರದು. ಅಮೂಲ್ಯವಾದ ಕ್ಯಾಸೆಟ್ಟನ್ನು ಮೊದಲೇ ಹಾಕದೆ, ಹೋದರೂ ಚಿಂತೆಯಿಲ್ಲದ ಒಂದನ್ನು ಓಡಿಸಿ ನೋಡುವುದು ವಿವೇಕ.

ಐದನೆಯದು ಸ್ಪೀಕರು. ಕಾಗದದ ಶಂಕುವನ್ನು ಬೆರಳುಗಳಿಂದ ಸಮನಾಗಿ ಮೆಲ್ಲನೆ ಒತ್ತಿದಾಗ ಒಳಗೆ ಉಜ್ಜಿದ ಸದ್ದು ಬಾರದಿದ್ದರೆ ಧ್ವನಿಸುರುಳಿ ಕ್ಷೇಮವಾಗಿದೆ. ಮೀಟರಿನಿಂದ ಅಳೆದಾಗ 8 ಓಮಿನ ಸ್ಪೀಕರು ಸುಮಾರು 6–7 ಓಮು ತೋರಿಸುವುದು ಸಹಜ. ಸುರುಳಿಯು ಸರಿಯಾಗಿದ್ದು ಅಂಚು ಮಾತ್ರ ಹುಡಿಯಾಗಿದ್ದರೆ, ಅಂಚನ್ನಷ್ಟೇ ಬದಲಿಸುವ ಕುಶಲಕರ್ಮಿಗಳು ಇದ್ದಾರೆ. ಅಳತೆಗೆ ಸರಿಯಾದ ಅಂಚುಗಳು ಬಿಡಿಯಾಗಿಯೂ ದೊರೆಯುತ್ತವೆ. ಹೊಸ ಸ್ಪೀಕರಿನ ಬೆಲೆಯ ಅಲ್ಪಾಂಶದಲ್ಲಿ ಕೆಲಸ ಮುಗಿಯುತ್ತದೆ.

ಉತ್ತಮೀಕರಣ

ಕೆಟ್ಟುದು ಸರಿಯಾದ ಮೇಲೆ, ಇದ್ದುದನ್ನು ಉತ್ತಮಗೊಳಿಸುವ ಪ್ರಶ್ನೆ ಏಳುತ್ತದೆ. ಇಲ್ಲಿಯೂ ಹಣ ಬೇಡದ ಉಪಾಯಗಳೇ ಮೊದಲು ಬರಬೇಕು. ಎರಡು ಸ್ಪೀಕರುಗಳ ಧನ ಋಣ ತಂತಿಗಳು ಒಂದೇ ಕ್ರಮದಲ್ಲಿರಬೇಕು. ಒಂದು ತಿರುಗುಮುರುಗಾದರೆ ಮಂದ್ರಸ್ವರಗಳು ಕ್ಷೀಣಿಸಿ ಗಾಯಕನು ನಡುವೆ ನಿಲ್ಲದೆ ಚದುರಿಹೋಗುತ್ತಾನೆ. ಆಂಪ್ಲಿಫೈಯರಿನಿಂದ ಬಿಚ್ಚಿದ ಸ್ಪೀಕರಿನ ತಂತಿಗೆ 1.5 ವೋಲ್ಟಿನ ಟಾರ್ಚ್ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿದರೆ ಶಂಕುವು ಮುಂದಕ್ಕೆ ಚಿಮ್ಮುವುದೋ ಹಿಂದಕ್ಕೆ ಸರಿಯುವುದೋ ಕಾಣುತ್ತದೆ. ಎರಡೂ ಒಂದೇ ದಿಕ್ಕಿಗೆ ಚಲಿಸುವಂತೆ ತಂತಿಗಳನ್ನು ಗುರುತಿಸಿಕೊಂಡರೆ ಸಾಕು. ಬಳಿಕ ಸ್ಥಾನ. ಸ್ಪೀಕರುಗಳೆರಡೂ ಕೇಳುಗನೂ ಸಮಬಾಹು ತ್ರಿಕೋನದ ಮೂರು ಬಿಂದುಗಳಂತಿರಬೇಕು. ತಾರಸ್ವರದ ಸಣ್ಣ ಸ್ಪೀಕರು ಕುಳಿತವನ ಕಿವಿಯ ಎತ್ತರಕ್ಕೆ ಬರಬೇಕು. ಮೂಲೆಗೆ ಒತ್ತರಿಸಿದ ಸ್ಪೀಕರು ಗುಡುಗುತ್ತದೆ, ಮಾತು ಅಸ್ಪಷ್ಟವಾಗುತ್ತದೆ. ಬರಿಯ ಗೋಡೆ, ಗ್ರಾನೈಟ್ ನೆಲಗಳಿರುವ ಇಂದಿನ ಕೋಣೆಗಳಲ್ಲಿ ಧ್ವನಿ ಪ್ರತಿಧ್ವನಿಸುತ್ತದೆ. ಒಂದು ಜಮಖಾನೆ, ದಪ್ಪ ಪರದೆ, ಪುಸ್ತಕ ತುಂಬಿದ ಕಪಾಟು ಅದನ್ನು ತಗ್ಗಿಸುತ್ತವೆ.

ಇನ್ನು ವ್ಯಾಟುಗಳ ಭ್ರಮೆ. ವಿದ್ಯುತ್ ಶಕ್ತಿಯನ್ನು ಇಮ್ಮಡಿಸಿದರೆ ಧ್ವನಿಯು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಧ್ವನಿಯು ಇಮ್ಮಡಿಯಾಯಿತೆಂದು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಶಕ್ತಿಯು ಹತ್ತುಪಟ್ಟಾಗಬೇಕು. ಹೀಗಿರುವಲ್ಲಿ 25 ವ್ಯಾಟಿನ ಒಳ್ಳೆಯ ಯಂತ್ರವನ್ನು ಮಾರಿ 50 ವ್ಯಾಟಿನದನ್ನು ಕೊಂಡವನಿಗೆ ದೊರೆಯುವ ಲಾಭ ಅತ್ಯಲ್ಪ. 1 ವ್ಯಾಟಿಗೆ 1 ಮೀಟರು ದೂರದಲ್ಲಿ 87 ಡೆಸಿಬೆಲ್ ಕೊಡುವ ಸ್ಪೀಕರಿಗೆ ಬದಲಾಗಿ 90 ಡೆಸಿಬೆಲ್ ಕೊಡುವುದನ್ನು ಜೋಡಿಸಿದರೆ ಆಂಪ್ಲಿಫೈಯರು ಅದೇ ಇದ್ದರೂ ಶಕ್ತಿಯು ಇಮ್ಮಡಿಯಾದ ಫಲವೇ ಸಿಗುತ್ತದೆ. ಪೆಟ್ಟಿಗೆಗಳ ಮೇಲೆ ‘ಪಿ.ಎಂ.ಪಿ.ಓ.’ ಎಂಬ ಅಕ್ಷರಗಳೊಡನೆ ಸಾವಿರಗಟ್ಟಲೆ ವ್ಯಾಟುಗಳನ್ನು ಮುದ್ರಿಸಿ ಮಾರಿದ ಪ್ಲಾಸ್ಟಿಕ್ ಯಂತ್ರಗಳಿಗೆ ಮರುಳಾಗಿ ಗಟ್ಟಿಮುಟ್ಟಾದ ಹಳೆಯ ಯಂತ್ರವನ್ನು ಬಿಟ್ಟುಕೊಟ್ಟವರು ಉಂಟು. ನಿಜವಾದ ಬಲವನ್ನು ತಿಳಿಸುವುದು ‘ಆರ್.ಎಂ.ಎಸ್.’ ಎಂಬ ಅಂಕಿ.

ಹಳೆಯ ಯಂತ್ರಕ್ಕೆ ಹೊಸ ಕಾಲದ ಬಾಗಿಲನ್ನು ತೆರೆಯುವುದೂ ಸುಲಭ. ಬ್ಲೂಟೂತ್ ಗ್ರಾಹಕವೆಂಬ ಅಂಗೈಯಗಲದ ಉಪಕರಣವನ್ನು ಆಂಪ್ಲಿಫೈಯರಿನ ‘ಆಕ್ಸ್’ ಅಥವಾ ‘ಟೇಪ್’ ರಂಧ್ರಕ್ಕೆ ಜೋಡಿಸಿದರೆ ಮೊಬೈಲಿನ ಸಂಗೀತವೂ ಹಳೆಯ ಸ್ಪೀಕರಿನಲ್ಲಿ ನುಡಿಯುತ್ತದೆ. ಫಿಲಿಪ್ಸ್ ಮೊದಲಾದ ಯುರೋಪಿನ ಮಾದರಿಯ ಯಂತ್ರಗಳಲ್ಲಿ ಐದು ಪಿನ್ನಿನ ದುಂಡು ಡಿನ್ ರಂಧ್ರವಿದ್ದರೆ ಅದಕ್ಕೆ ಹೊಂದುವ ಪರಿವರ್ತಕ ತಂತಿ ಸಿಗುತ್ತದೆ. ‘ಫೋನೊ’ ಎಂದು ಬರೆದ ರಂಧ್ರಕ್ಕೆ ಮಾತ್ರ ಅದನ್ನು ಜೋಡಿಸಬಾರದು. ಆ ದಾರಿಯು ಕಾಂತೀಯ ಕಾರ್ಟ್ರಿಜ್ಜಿನ ಕೆಲವೇ ಮಿಲಿವೋಲ್ಟುಗಳಿಗಾಗಿ ರಚಿತವಾದುದು. ಮುದ್ರಿಕೆ ಕೊರೆಯುವಾಗ ತಗ್ಗಿಸಿದ ಮಂದ್ರವನ್ನು ಏರಿಸಿ, ಏರಿಸಿದ ತಾರವನ್ನು ತಗ್ಗಿಸುವ ವ್ಯವಸ್ಥೆಯೂ ಅಲ್ಲಿದೆ. ಬೇರೆ ಉಪಕರಣವನ್ನು ಅಲ್ಲಿ ಜೋಡಿಸಿದರೆ ಧ್ವನಿ ಒಡೆಯುತ್ತದೆ.

ವೆಚ್ಚದ ಕ್ರಮ

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯಂತೆ, ಖರ್ಚಿನ ಕ್ರಮವನ್ನು ಹೀಗೆ ಸಂಗ್ರಹಿಸಬಹುದು. ಮೊದಲು ಶುದ್ಧೀಕರಣ ಮತ್ತು ಸ್ಥಾನ, ಎರಡನೆಯದಾಗಿ ಬೆಲ್ಟು ಮತ್ತು ಬೆಸುಗೆ, ಮೂರನೆಯದಾಗಿ ಸೂಜಿ, ನಾಲ್ಕನೆಯದಾಗಿ ಕೆಪಾಸಿಟರು ಮತ್ತು ಸ್ಪೀಕರಿನ ಅಂಚು, ಕೊನೆಗೆ, ಹಣ ಉಳಿದರೆ ಮಾತ್ರ, ಉತ್ತಮ ಸ್ಪೀಕರು. ಪ್ರತಿಯೊಂದು ಹೆಜ್ಜೆಯ ನಂತರವೂ ಕೆಲವು ದಿನ ಕೇಳಿ ನೋಡಬೇಕು. ಒಮ್ಮೆಗೇ ಎಲ್ಲವನ್ನೂ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು.

ದುರಸ್ತಿಗೂ ಮಿತಿಯುಂಟು. ಟ್ರಾನ್ಸ್‌ಫಾರ್ಮರು ಸುಟ್ಟಿದ್ದರೆ, ತಯಾರಿಕೆ ನಿಂತುಹೋದ ಐ.ಸಿ. ಹಾಳಾಗಿದ್ದರೆ, ಸ್ಪೀಕರಿನ ಸುರುಳಿ ಕಡಿದಿದ್ದರೆ, ಆಗ ಲೆಕ್ಕ ಹಾಕಬೇಕು. ಅದೇ ಮಟ್ಟದ ಇನ್ನೊಂದು ಹಳೆಯ ಯಂತ್ರ ಸುಸ್ಥಿತಿಯಲ್ಲಿ ದೊರೆಯುವ ಬೆಲೆಗಿಂತ ದುರಸ್ತಿಯ ವೆಚ್ಚವು ಹೆಚ್ಚಾದರೆ ಹಟ ಸಲ್ಲದು. ಅಂತಹ ಯಂತ್ರದ ಒಳ್ಳೆಯ ಅಂಗಗಳು ಇನ್ನೊಂದು ಯಂತ್ರಕ್ಕೆ ಜೀವದಾನ ಮಾಡುತ್ತವೆ, ಅದೂ ಸಾರ್ಥಕವೇ.

ಧ್ವನಿರಕ್ಷಣೆ

ದುರಸ್ತಿಯಾದ ಯಂತ್ರವು ಮೊದಲು ಮಾಡಬೇಕಾದ ಕಾರ್ಯವೊಂದಿದೆ. ಮನೆಯಲ್ಲಿ ಮುದ್ರಿಸಿದ ಕ್ಯಾಸೆಟ್ಟುಗಳನ್ನು ಬೇರ್ಪಡಿಸಿ, ಅವುಗಳ ಮೇಲಂಚಿನ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯಬೇಕು. ಆಗ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯ ಧ್ವನಿ ಅಳಿಯುವುದಿಲ್ಲ. ಬಳಿಕ ಕ್ಯಾಸೆಟ್ ಯಂತ್ರದ ಹೊರದಾರಿಯನ್ನು ಗಣಕಯಂತ್ರಕ್ಕೆ ಜೋಡಿಸಿ, ಸೆಕೆಂಡಿಗೆ 44,100 ಮಾದರಿಗಳು, 16 ಬಿಟ್ಟುಗಳು ಎಂಬ ಸಿ.ಡಿ.ಯ ಮಟ್ಟಕ್ಕೆ ಕಡಿಮೆಯಾಗದಂತೆ ಪ್ರತಿ ಮಾಡಿಕೊಳ್ಳಬೇಕು. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಕಡೆಯಲ್ಲಿ ಇರಲಿ. ಹಾಡಿದವರಾರು, ಊರು ಯಾವುದು, ವರ್ಷ ಯಾವುದು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ಹೆಸರಿಲ್ಲದ ಧ್ವನಿಯು ವಿಳಾಸವಿಲ್ಲದ ಪತ್ರದಂತೆ.

ಈ ಕಾರ್ಯದಲ್ಲಿ ವಿದ್ಯಾಸಂಸ್ಥೆಗಳಿಗೂ ಪಾಲುಂಟು. ಅನೇಕ ಶಾಲೆಗಳ ಕಪಾಟುಗಳಲ್ಲಿ ಹಳೆಯ ಟೇಪ್ ರೆಕಾರ್ಡರುಗಳೂ ಆಂಪ್ಲಿಫೈಯರುಗಳೂ ದಾನಿಗಳ ಹೆಸರಿನ ಚೀಟಿಯೊಡನೆ ಮೌನವಾಗಿವೆ. ಭೌತವಿಜ್ಞಾನದ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ, ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ಬಲ್ಲ ತಂತ್ರಜ್ಞರ ನೆರವಿನಿಂದ ಅಂತಹದೊಂದನ್ನು ಬಿಚ್ಚಿ ತೋರಿಸಿದರೆ, ಅಯಸ್ಕಾಂತ, ರೋಧ, ಕೆಪಾಸಿಟರು, ಆವರ್ತ ಎಂದು ಪುಸ್ತಕದಲ್ಲಿ ಓದಿದುದೆಲ್ಲ ವಿದ್ಯಾರ್ಥಿಯ ಕಣ್ಣಿಗೆ ಗೋಚರವಾಗುತ್ತದೆ. 180 ಗೆರೆಗಳ ಬಿಲ್ಲೆಯನ್ನು ಎಳೆಯುವುದು ರೇಖಾಗಣಿತದ ಅಭ್ಯಾಸವೂ ಹೌದು. ಶಾಲೆಗೆ ಹಳೆಯ ಯಂತ್ರವನ್ನು ಕೊಡುವ ದಾನಿಗಳು ಅದರೊಡನೆ ಕೈಪಿಡಿಯನ್ನೂ ಮುದ್ರಿಕೆಗಳ ಪಟ್ಟಿಯನ್ನೂ ಕೊಡುವುದು ಉಚಿತ. ಸ್ವೀಕರಿಸಿದ ಸಂಸ್ಥೆಯು ವರ್ಷಕ್ಕೊಮ್ಮೆಯಾದರೂ ಅದನ್ನು ತೆಗೆದು, ಒರೆಸಿ, ನಡೆಸಿ, ಮಕ್ಕಳಿಗೆ ಕೇಳಿಸಿ, ಅಂದಿನ ದಿನಾಂಕವನ್ನು ಅದರ ಬೆನ್ನಿಗೆ ಬರೆದಿಡತಕ್ಕದ್ದು.